ಅಕ್ಕ ಬಿಟ್ಟ ಅರ್ಧ ತುಂಡು

ಬ್ರೆಡ್ಡಿನ ಆ ಅರ್ಧ ತುಂಡು ಇನ್ನೂ ಅಲ್ಲೇ ಇದೆ, ಆಸ್ಪತ್ರೆಯ ಪಕ್ಕದ ಮಂಚದಲ್ಲಿ, ಅಕ್ಕನ ತಟ್ಟೆಯಲ್ಲಿ, ಅಂಚಿಗೆ ಹಲ್ಲಿನ ಗುರುತು, ಮೇಲೆ ಬೆಣ್ಣೆ ಮಿನುಗುತ್ತಿದೆ — ಅಕ್ಕ ಮಾತ್ರ ಫೋನ್ ನೋಡುತ್ತ ಕಾಲಾಡಿಸುತ್ತಿದ್ದಾಳೆ, ಅವಳಿಗೆ ಸಾಕಂತೆ, ಇಬ್ಬರಿಗೂ ಕೊಟ್ಟಿದ್ದು ಮೂರು ಮೂರು ತುಂಡು, ತಂಗಿ ಡುಮ್ಮಿ ಮೂರನ್ನೂ ಮುಗಿಸಿ ತಟ್ಟೆಯಲ್ಲಿದ್ದ ಪುಡಿಯನ್ನೂ ಬೆರಳಿಗಂಟಿಸಿ ನೆಕ್ಕಿಯಾಗಿದೆ, ಮನೆಯಲ್ಲಿ ಇವಳ ಹೆಸರೇ ಡುಮ್ಮಿ, ಅಕ್ಕ ಕಡ್ಡಿ, ಒಂದೇ ಅಮ್ಮ, ಒಂದೇ ಅಡುಗೆಮನೆ, ಆದರೂ ಅಕ್ಕನಿಗೆ ಶಿಸ್ತು, ಇವಳಿಗೆ ಬಾಯಿಚಪಲ, ಅಕ್ಕನ್ನ ನೋಡಿ ಕಲಿ, ಬಾಯಿ ಕಟ್ಟೋದು ಕಲಿ, ಅನ್ನುತ್ತಾಳೆ ಅಮ್ಮ — ಅಕ್ಕ ಯಾವತ್ತು ಬಾಯಿ ಕಟ್ಟಿದ್ದಾಳೆ? ಅವಳ ಬಾಯಿ ತಾನಾಗಿಯೇ ಮುಚ್ಚುತ್ತದೆ, ಅದಕ್ಕೇ ಹೊಟ್ಟೆ ಉರಿಯುವುದು, ಖಾಲಿ ಹೊಟ್ಟೆಯೂ ಅಲ್ಲ, ತುಂಬಿದ ಹೊಟ್ಟೆಯೇ ಉರಿಯುತ್ತಿದೆ, ಹಸಿವಿನ ಸಂಶೋಧನೆ ಮಾಡುವ ಡಾಕ್ಟರಮ್ಮ ಬೆಳಿಗ್ಗೆ ಹೇಳಿದ್ದರಲ್ಲ, ನೋಡ್ರಮ್ಮಾ, ಹೊಟ್ಟೆ ಖಾಲಿಯಾದ್ರೆ ಗ್ರೆಲಿನ್ ಅನ್ನೋ ಹಾರ್ಮೋನು ಹೊರಟು ಮೆದುಳಿಗೆ ಊಟ ಬೇಕು ಅನ್ನತ್ತೆ, ತಿಂದ್ಮೇಲೆ ಅದು ಇಳೀಬೇಕು, ಕರುಳಿಂದ ಬೇರೆ ಹಾರ್ಮೋನುಗಳು ಸಾಕು ಅನ್ನಬೇಕು, ಮೆದುಳಲ್ಲೂ ತಿನ್ನು ಅನ್ನೋ ಪೆಪ್ಟೈಡು, ಅಂದ್ರೆ ಪುಟ್ಟ ಪ್ರೋಟೀನು, ಒಂದು, ಸಾಕು ಅನ್ನೋದು ಇನ್ನೊಂದು, ಯಾರ ಮೈಯಲ್ಲಿ ಯಾವುದರ ಕೈ ಮೇಲು ಅಂತ ನೋಡ್ಬೇಕು — ಅಂದರೆ ಇವಳ ಗ್ರೆಲಿನ್ ಇಳಿಯುವುದೇ ಇಲ್ಲವೇನೋ, ಹಾಗಂತ ಡಾಕ್ಟರಮ್ಮನಿಂದ ಒಂದು ಕಾಗದ ಸಿಕ್ಕರೆ ಸಾಕು, ಅಮ್ಮನ ಮುಂದೆ ಹಿಡಿದು, ನೋಡು, ಇದು ಚಪಲ ಅಲ್ಲ ಅನ್ನಬಹುದು, ಅದಕ್ಕೇ ತಾನೆ ಕೈಗೆ ಸೂಜಿ ಚುಚ್ಚಿಸಿಕೊಂಡು ಕೂತಿರುವುದು.

ಆದರೆ ಹಾಳು ಮಾಡಿಕೊಂಡಿದ್ದೂ ಇವಳೇ, ಅರ್ಧರ್ಧ ಗಂಟೆಗೆ ನರ್ಸ್ ರಕ್ತ ತೆಗೆದು ಒಂದು ಗೆರೆಯಿರುವ ಕಾಗದ ಕೊಡುತ್ತಾರೆ, ಎಡ ತುದಿ ಹಸಿವೇ ಇಲ್ಲ, ಬಲ ತುದಿ ತಡೆಯಲಾರದ ಹಸಿವು, ನಿಮಗೆಷ್ಟೋ ಅಲ್ಲಿ ಅಡ್ಡಗೀಟು ಹಾಕಿ, ಎರಡು ಸಲವೂ ಅಕ್ಕನ ಕಾಗದ ಇಣುಕಿ ನೋಡಿ ಅವಳು ಹಾಕಿದಲ್ಲೇ ಹಾಕಿದ್ದಾಳೆ, ಎಡಕ್ಕೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹಾಗೆ, ಹಸಿವನ್ನೂ ಕಾಪಿ ಹೊಡೆಯುವವರುಂಟಾ, ನಾಚ್ಕೊಂಡು ಸುಳ್ಳು ಗೀಚಿದ್ರೆ ಕಾಗದ ಯಾವ ಕೆಲಸಕ್ಕೂ ಬರಲ್ಲ ಅಂತ ನರ್ಸ್ ಆಗಲೇ ಗೊಣಗಿದ್ದರು, ಅಷ್ಟರಲ್ಲಿ ಅಕ್ಕ, ಏನೇ, ಹಾಗೆ ನೋಡ್ತಿದ್ದೀಯ, ಬೇಕಾ, ತಗೋ, ಯಾರೂ ಇಲ್ಲ — ತಟ್ಟೆಯನ್ನೇ ಈಚೆ ತಳ್ಳಿದಳು, ಅಷ್ಟು ಸುಲಭವಾಗಿ, ಅದು ಏನೂ ಅಲ್ಲವೆಂಬಂತೆ, ಕೈ ಹೋಯಿತು, ಹೋಗಿಯೇಬಿಟ್ಟಿತು, ಬೆಣ್ಣೆ ಬೆರಳಿಗೆ ತಾಗಿತು, ಉಳಿದದ್ದನ್ನು ತೂಕ ಹಾಕುತ್ತಾರೆ, ತಿಂದರೆ ಅಕ್ಕನ ಲೆಕ್ಕವೂ ಸುಳ್ಳು, ತನ್ನದೂ ಸುಳ್ಳು, ಬೇಡ ಕಣೇ ಅಂದಳು, ಬೆರಳನ್ನು ಹೊದಿಕೆಗೆ ಒರೆಸಿದಳು, ನೆಕ್ಕಲಿಲ್ಲ.

ನರ್ಸ್ ಬಂದರು, ಸಿಸ್ಟರ್, ಆಗಿನ ಎರಡೂ ಸುಳ್ಳು, ಬರ್ಕೊಳ್ಳಿ, ಅಂದಳು, ಮೂರನೆಯ ಕಾಗದದಲ್ಲಿ ಬಲ ತುದಿಗೆ ಗೀಟು ಒತ್ತಿದಳು, ಕಾಗದ ಹರಿಯುವಷ್ಟು, ಅಕ್ಕ ಬಗ್ಗಿ ನೋಡಿ, ಇಷ್ಟೊಂದಾ, ಈಗ ತಾನೆ ತಿಂದ್ಯಲ್ಲೇ, ಯಾವಾಗ್ಲೂ ಹೀಗೇನಾ — ಹೂಂ, ಯಾವಾಗ್ಲೂ, ಅಂದಳು ಇವಳು, ಅಕ್ಕ ನಗಲಿಲ್ಲ, ಫೋನ್ ಟಿಂಗ್ ಅಂದಿತು, ಅತ್ತ ತಿರುಗಿದಳು, ನರ್ಸ್ ತಟ್ಟೆ ಎತ್ತಿ ತಕ್ಕಡಿಯ ಮೇಲಿಟ್ಟರು, ಅಕ್ಕ ತಲೆಯೆತ್ತಲಿಲ್ಲ, ಒಂದು ಸಲ ನೋಡಬಾರದಾ, ಒಂದೇ ಒಂದು ಸಲ, ತಕ್ಕಡಿಯ ಮೇಲೆ ಅರ್ಧ ತುಂಡು, ಅಂಚಿಗೆ ಹಲ್ಲಿನ ಗುರುತು, ಬೆಣ್ಣೆಯಲ್ಲಿ ಇವಳ ಬೆರಳಿನ ಗುರುತು, ಅರ್ಧ ತುಂಡು —