ಅಕ್ಕ ಬೆರೆಸಿದ ಎರಡು ಬಾಟಲಿ

ಆಫೀಸುಗಳ ಶೌಚಾಲಯ ತೊಳೆಯುವ ಅಕ್ಕನಿಗೆ ಕೆಮ್ಮು ಬಿಟ್ಟ ದಿನವಿಲ್ಲ. ಅದೇ ಕೆಲಸಕ್ಕಿದ್ದ ಅವಳ ತಂಗಿ ಎಂಟು ತಿಂಗಳ ಹಿಂದೆ ನೆಲಮಾಳಿಗೆಯ ಶೌಚಾಲಯದಲ್ಲಿ ಕುಸಿದು ಬಿದ್ದವಳು ಏಳಲೇ ಇಲ್ಲ. ಹೃದಯ ಕೈಕೊಟ್ಟಿತು ಅಂದರು ಎಲ್ಲರೂ. ಅಕ್ಕನೂ ಹಾಗೇ ನಂಬಿ, ಅತ್ತು, ಮಾರನೇ ವಾರ ಬಕೆಟ್ ಹಿಡಿದಳು.

ಈಗ ಅಕ್ಕನ ಮಗಳು ಶಾಲೆಯಿಂದ ಒಂದು ಚೀಟಿ ತಂದಿದ್ದಳು. ಕಣ್ಣಿಗೆ ಏನೋ ಪೆಟ್ಟಿಗೆ ಕಟ್ಟಿ ರಸಾಯನಶಾಸ್ತ್ರ ಕಲಿಸುತ್ತಾರಂತೆ, ತಾಯಿಯ ಸಹಿ ಬೇಕಂತೆ. ಅಕ್ಕನ ಪಿತ್ತ ನೆತ್ತಿಗೇರಿತು. ಚೀಟಿ ಹಿಡಿದು ನೇರ ಶಾಲೆಗೇ ಹೋದಳು.

“ಓದಲಿ ಅಂತ ಕಳಿಸಿದ್ರೆ ವಿಡಿಯೋ ಗೇಮ್ ಆಡಿಸ್ತೀರಾ ಮೇಡಂ?”

ರಸಾಯನಶಾಸ್ತ್ರದ ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. “ಕೂತ್ಕೊಳ್ಳಿ ಅಕ್ಕ. ಇದಕ್ಕೆ ವರ್ಚುವಲ್ ರಿಯಾಲಿಟಿ ಅಂತಾರೆ. ಪ್ರಯೋಗಶಾಲೆನೇ ಕಣ್ಮುಂದೆ ಬರುತ್ತೆ. ಬಾಟಲಿ ಎತ್ತಿ ಸುರೀಬಹುದು. ಏನೇ ಸಿಡಿದ್ರೂ ಮಕ್ಕಳಿಗೆ ಗಾಯ ಆಗಲ್ಲ. ನೀವೇ ನೋಡಿ. ಏನು ಬೆರೆಸ್ತೀರಾ?”

“ನಂಗೆ ಗೊತ್ತಿರೋದು ಎರಡೇ. ಬ್ಲೀಚು, ಆಸಿಡ್ಡು. ಒಟ್ಟಿಗೆ ಸುರಿದ್ರೆ ಕಲೆ ಒಂದೇ ಏಟಿಗೆ ಹೋಗುತ್ತೆ.”

ಮೇಡಂ ಮುಖ ಬಿಳುಚಿಕೊಂಡಿತು. ಅಕ್ಕನ ಕಣ್ಣಿಗೆ ಪೆಟ್ಟಿಗೆ ಕಟ್ಟಿದರು.

ಒಳಗೆ ಕಿಟಕಿಯಿಲ್ಲದ ಪುಟ್ಟ ಕೋಣೆ. ಅಕ್ಕ ಎರಡೂ ಬಾಟಲಿ ಸುರಿದಳು. ಹಸಿರು ಬೆರೆತ ಹಳದಿ ಹೊಗೆ ಎದ್ದಿತು. ಅದು ಮೇಲಕ್ಕೆ ಹೋಗದೆ ನೆಲದಲ್ಲೇ ತೆವಳಿ ಮೊಣಕಾಲಿನವರೆಗೆ ತುಂಬಿಕೊಂಡಿತು.

“ಅದು ಕ್ಲೋರಿನ್ ಅಕ್ಕ. ಗಾಳಿಗಿಂತ ಭಾರ. ಬಗ್ಗಿ ಉಜ್ಜೋರ ಮೂಗಿಗೇ ಮೊದಲು ಹೋಗುತ್ತೆ. ನಿಮ್ಮ ಕೆಮ್ಮೂ ಇದರದ್ದೇ ಇರಬಹುದು.”

“ಕಿಟಕಿ ಇಲ್ದೇ ಇದ್ರೆ?”

“ಜೀವಾನೇ ಹೋಗಬಹುದು.”

ಅಕ್ಕ ಪೆಟ್ಟಿಗೆ ಕಿತ್ತು ಮೇಜಿನ ಮೇಲಿಟ್ಟಳು.

“ಕಿಟಕಿ ಇಲ್ಲದ ನೆಲಮಾಳಿಗೆ ಶೌಚಾಲಯದಲ್ಲಿ ಸತ್ತ ನನ್ ತಂಗಿಗೆ ನಾನೇ ಹೇಳ್ಕೊಟ್ಟಿದ್ದು ಮೇಡಂ. ಎರಡೂ ಸೇರಿಸು, ಬೇಗ ಮುಗಿಯುತ್ತೆ ಅಂತ.”

ಮೇಡಂ ಅಕ್ಕನ ಕೈ ಹಿಡಿದು ಕೂತರು. ಕೊನೆಗೆ ಅಕ್ಕ ಚೀಟಿ ಎಳೆದುಕೊಂಡು ಸಹಿ ಹಾಕಿದಳು. ಎದ್ದವಳು ಬಾಗಿಲಲ್ಲಿ ನಿಂತಳು.

“ನನ್ ಜೊತೆ ಕೆಲಸಕ್ಕೆ ಹನ್ನೊಂದು ಜನ ಹೆಂಗಸರಿದಾರೆ. ಅವರಿಗೂ ನಾನೇ ಕಲಿಸಿದ್ದೀನಿ. ನಾಳೆ ಕರ್ಕೊಂಡು ಬರ್ಲಾ?”

ತಾಯಂದಿರೇ, ತಂದೆಯರೇ, ಇಂಥ ಪಾಠ ನಿಮ್ಮ ಮಕ್ಕಳ ಶಾಲೆಗೆ ಬಂದರೆ ಆಟ ಎಂದು ತಳ್ಳಿಹಾಕಬೇಡಿ. ಸಹಿ ಹಾಕಿ, ನೀವೂ ಒಮ್ಮೆ ಕೂತು ನೋಡಿ. ಬ್ಲೀಚಿಗೆ ಆಸಿಡ್ ಬೆರೆಸಲೇಬೇಡಿ. ನಿಮ್ಮ ಬಚ್ಚಲಲ್ಲಿ ಎರಡೂ ಬಾಟಲಿ ಅಕ್ಕಪಕ್ಕ ಇದ್ದರೆ, ಈಗಲೇ ಎದ್ದು ಹೋಗಿ ಬೇರೆ ಬೇರೆ ಇಡಿ.