ಎಡಹುಬ್ಬಿನ ಕಾಲಂ

ನನ್ನ ಪಾಠಯೋಜನೆಯ ಪುಸ್ತಕದಲ್ಲಿ ನಾಲ್ಕು ಕಾಲಂಗಳಿವೆ. ಎಷ್ಟು ನಿಮಿಷ, ನಾನೇನು ಮಾಡಬೇಕು, ಮಕ್ಕಳೇನು ಮಾಡಬೇಕು ಎಂಬ ಮೂರು ಎಲ್ಲ ಟೀಚರುಗಳ ಪುಸ್ತಕದಲ್ಲೂ ಇರುತ್ತವೆ. ನಾಲ್ಕನೆಯದು ನನ್ನ ಸ್ವಂತ ಸಂಶೋಧನೆ. ಅದರ ತಲೆಬರಹ 'ಹುಬ್ಬು'. ಆ ಹುಬ್ಬು ನಮ್ಮ ಮನೆಯವರದು.

ನಮ್ಮ ಮನೆಯವರು ಬಸ್ ಡ್ರೈವರು. ಚಿಕ್ಕಂದಿನಲ್ಲಿ ಲೆಕ್ಕದ ಪೀರಿಯಡ್ಡಿಗೆ ಸರಿಯಾಗಿ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಆಸಾಮಿ. ನಾನು ನಾಲ್ಕನೇ ಕ್ಲಾಸಿಗೆ ಟೀಚರಾಗಿ ಸೇರಿದ ವರ್ಷ, ಇವರಿಗೆ ಅರ್ಥವಾದರೆ ಯಾವ ಮಗುವಿಗಾದರೂ ಅರ್ಥವಾಗುತ್ತದೆ ಎಂದು ಹೊಳೆಯಿತು. ಅಂದಿನಿಂದ ದಿನಾ ಸಂಜೆ ಡ್ಯೂಟಿ ಮುಗಿಸಿ ಮುಖ ತೊಳೆದು ಬಂದವರನ್ನು ಊಟದ ಮೇಜಿನ ಮುಂದೆ ಕೂರಿಸಿ, ಕೈಗೊಂದು ಪೆನ್ಸಿಲ್ ಕೊಟ್ಟು, ಮರುದಿನದ ಪಾಠ ಮಾಡಿ ನೋಡುತ್ತೇನೆ. ಅರ್ಥವಾಗಲಿಲ್ಲ ಎಂದು ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ ಇವರು. 'ಹೂಂ, ಹೂಂ' ಎಂದು ತಲೆಯಾಡಿಸುತ್ತಲೇ ಇರುತ್ತಾರೆ. ಆದರೆ ಎಡಹುಬ್ಬಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದು ಮೇಲೇರಿಬಿಡುತ್ತದೆ. ಏರಿದ ಕಡೆ ನಾನು ನಾಲ್ಕನೇ ಕಾಲಂನಲ್ಲಿ ಕೆಂಪು ಗೆರೆ ಎಳೆದು, ಆ ಭಾಗವನ್ನು ಮತ್ತೆ ಬರೆಯುತ್ತೇನೆ. ಏಳು ವರ್ಷದಿಂದ ಇದೇ ನಡೆದುಬಂದಿದೆ.

ಈಗ ನನ್ನ ಕ್ಲಾಸಿನ, ಅಂದರೆ ನಾಲ್ಕನೇ 'ಬಿ'ಯ ವಿಷಯ. ಮೂವತ್ತನಾಲ್ಕು ಮಕ್ಕಳು, ಹದಿನೇಳು ಬೆಂಚು. ಯಾರ ಪಕ್ಕ ಯಾರು ಎಂದು ಕೂರಿಸಿ ಹದಕ್ಕೆ ತರುವಷ್ಟರಲ್ಲಿ ಅರ್ಧ ವರ್ಷ ಕಳೆಯಿತು. ಡಸ್ಟರಿಗೆ ಜಗಳವಾಡುವ ಇಬ್ಬರನ್ನು ಎರಡು ಮೂಲೆಗೆ ಹಾಕಿದೆ. ಸದಾ ಕಿಟಕಿಯಾಚೆ ನೋಡುತ್ತ ಕೂರುವವನಿಗೆ ಕಿಟಕಿಯ ಚಿಲಕದ ಉಸ್ತುವಾರಿ ಕೊಟ್ಟೆ. ಈಗ ಅವನು ಚಿಲಕ ಬಿಟ್ಟು ಬೇರೇನನ್ನೂ ನೋಡುವುದಿಲ್ಲ, ಅದು ಬೇರೆ ಮಾತು. ಪೆನ್ಸಿಲ್ ಚೂಪು ಮಾಡುವುದಕ್ಕೆ ಪ್ರತಿ ಪೀರಿಯಡ್ಡಿನ ಮೊದಲ ಎರಡು ನಿಮಿಷ ಮೀಸಲು. ನಾನು ಎರಡು ಸಲ ಚಪ್ಪಾಳೆ ತಟ್ಟಿದರೆ ಅವರು ಮೂರು ಸಲ ತಟ್ಟಿ ಸುಮ್ಮನಾಗಬೇಕು. ತಟ್ಟುವುದೇನೋ ತಟ್ಟುತ್ತಾರೆ, ಸುಮ್ಮನಾಗುವುದು ಆಯಾ ದಿನದ ಅದೃಷ್ಟ.

ನನ್ನ ದೊಡ್ಡ ಸಾಧನೆ ಎಂದರೆ ಮೂರನೇ ಬೆಂಚು. ಅಲ್ಲಿ ಹಾಜರಿ ಪುಸ್ತಕದ ಹದಿನೇಳು ಮತ್ತು ಹದಿನೆಂಟನೇ ನಂಬರಿನವರು ಕೂರುತ್ತಾರೆ. ಹದಿನೆಂಟನೆಯವಳು ಮೌನಗೌರಿ. ಮೂರು ವರ್ಷದಲ್ಲಿ ಒಬ್ಬ ಟೀಚರ ಮುಂದೆಯೂ ಬಾಯಿ ತೆರೆದವಳಲ್ಲ. ಹದಿನೇಳನೆಯವಳು ರೇಡಿಯೊ. ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿದ ಎರಡನೇ ವಾರ ಮೌನಗೌರಿ ಇವಳ ಕಿವಿಯಲ್ಲಿ ಏನೋ ಉಸುರಿದಳು. ರೇಡಿಯೊ ಎದ್ದು ನಿಂತು, "ಮಿಸ್, ಇವಳು ಹೇಳ್ತಿದಾಳೆ, ಉತ್ತರ ಐವತ್ತಾರಂತೆ!" ಎಂದು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಬಿತ್ತರಿಸಿದಳು. ಉತ್ತರ ಸರಿಯಾಗಿತ್ತು. ಅಂದು ನನಗಾದ ಸಂತೋಷ ಅಷ್ಟಿಷ್ಟಲ್ಲ.

ತೊಂದರೆ ಏನೆಂದರೆ, ನಮ್ಮ ಕೋಣೆಯ ಕೆಳಗೇ ಮುಖ್ಯೋಪಾಧ್ಯಾಯಿನಿಯ ಕೋಣೆ. ದೊಡ್ಡ ಮೇಡಂ ಎಂದರೆ ಎಲ್ಲರಿಗೂ ನಡುಕ. ಭಾಷಾ ಟೀಚರಾಗಿದ್ದವರು, ವ್ಯಾಕರಣದಲ್ಲಿ ಎತ್ತಿದ ಕೈ, ಶಿಸ್ತಿನಲ್ಲಿ ಅದಕ್ಕಿಂತ ಒಂದು ಕೈ ಮೇಲು. ಈ ವರ್ಷ ಅವರು 'ಗಲಾಟೆ ಪುಸ್ತಕ' ಎಂಬುದನ್ನು ಜಾರಿಗೆ ತಂದಿದ್ದರು. ಎಲ್ಲಿ ಸದ್ದು ಜೋರಾದರೂ ಆಫೀಸಿನ ಗುಮಾಸ್ತರು ಅಲ್ಲಿಗೆ ಹೋಗಿ, ಯಾವ ಕ್ಲಾಸು, ಯಾರ ದನಿ ಎಂದು ಕೇಳಿ ಬರೆದುಕೊಳ್ಳಬೇಕು. ಕಳೆದ ತಿಂಗಳು ಬರೆದ ಹತ್ತೊಂಬತ್ತು ಗಲಾಟೆಗಳಲ್ಲಿ ಹದಿನಾಲ್ಕು ನಮ್ಮವು. ಅದರಲ್ಲಿ ಹನ್ನೊಂದು ರೇಡಿಯೊಳ ಹೆಸರಿಗೆ.

ಸೋಮವಾರ ಕರೆ ಬಂತು.

"ನೋಡಿ ಟೀಚರ್, ನಿಮ್ಮದು ಕ್ಲಾಸೋ ಸಂತೆಯೋ ನನಗೆ ಗೊತ್ತಾಗ್ತಿಲ್ಲ," ಎಂದರು ದೊಡ್ಡ ಮೇಡಂ. "ಶುಕ್ರವಾರ ಲೆಕ್ಕದ ಪೀರಿಯಡ್ಡಿಗೆ ನಾನೇ ಬಂದು ಹಿಂದೆ ಕೂತ್ಕೋತೀನಿ. ಆಗ್ಲೂ ಹೀಗೇ ಇದ್ರೆ ಮುಂದಿನ ವಾರದಿಂದ ಕ್ಲಾಸ್ ಒಡೆದುಬಿಡೋಣ. ಒಂದರಿಂದ ಹದಿನೇಳು 'ಎ' ವಿಭಾಗಕ್ಕೆ, ಹದಿನೆಂಟರಿಂದ ಮೂವತ್ತನಾಲ್ಕು 'ಸಿ' ವಿಭಾಗಕ್ಕೆ."

"ನಾನು, ಮೇಡಂ?"

"ನೀವು ಲೈಬ್ರರಿ ನೋಡ್ಕೊಳ್ಳಿ. ಅಲ್ಲಿ ಗಲಾಟೆ ಮಾಡೋರು ಇರಲ್ಲ."

ಲೈಬ್ರರಿ ಹಾಳಾಗಲಿ. ಹದಿನೇಳಕ್ಕೂ ಹದಿನೆಂಟಕ್ಕೂ ನಡುವೆ ಒಂದು ಗೋಡೆ ಬಂದರೆ ಮೌನಗೌರಿಯ ಬಾಯಿಗೆ ಮತ್ತೆ ಬೀಗವೇ. ಮಕ್ಕಳಿಂದ ಮುಚ್ಚಿಡುವ ಅಭ್ಯಾಸ ನನಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೂವತ್ತನಾಲ್ಕು ಮುಖಗಳೂ ಸಪ್ಪಗಾದವು. "ಶುಕ್ರವಾರ ನಾವು ಉಸಿರೂ ಬಿಡಲ್ಲ ಮಿಸ್," ಎಂದು ರೇಡಿಯೊ ಎಲ್ಲರ ಪರವಾಗಿ ಕಿರುಚಿ ಭರವಸೆ ಕೊಟ್ಟಳು.

ಶುಕ್ರವಾರದ ಪಾಠ ಭಿನ್ನರಾಶಿ. ಮೂರರಲ್ಲೊಂದು ಪಾಲು ದೊಡ್ಡದೋ, ನಾಲ್ಕರಲ್ಲೊಂದು ಪಾಲು ದೊಡ್ಡದೋ? ಮೊದಲ ವರ್ಷ ಇದನ್ನು ಹೇಳಿಕೊಟ್ಟಾಗ ನಮ್ಮ ಮನೆಯವರ ಹುಬ್ಬು ಹಣೆಯ ತುದಿ ಮುಟ್ಟಿತ್ತು. ಅವರಿಗಾಗಿಯೇ ಕಾಗದದ ಪಟ್ಟಿ ಮಡಿಸುವ ಎಂಟು ನಿಮಿಷದ ಆಟವೊಂದನ್ನು ಸೇರಿಸಿದ್ದೆ. ಈ ಗುರುವಾರ ಸಂಜೆ ಆ ಆಟವನ್ನು ಬಿಟ್ಟು ಪಾಠ ಮಾಡಿದೆ, ಯಾಕೆಂದರೆ ಮೂವತ್ತನಾಲ್ಕು ಮಕ್ಕಳ ಕೈಗೆ ಕಾಗದ ಕೊಟ್ಟರೆ ಸದ್ದಾಗದೆ ಇರುತ್ತದೆಯೇ? ಹುಬ್ಬು ಮಿಸುಕಲಿಲ್ಲ.

"ಹೇಗಿತ್ತು ರೀ?"

"ನೀರು ಕುಡಿದಷ್ಟು ಸುಲಭ. ಎಲ್ಲಿ, ಊಟ ಬಡಿಸ್ತೀಯಾ?"

ನಾಲ್ಕನೇ ಕಾಲಂನಲ್ಲಿ ಒಂದೇ ಒಂದು ಕೆಂಪು ಗೆರೆಯಿಲ್ಲ. ಪಟ್ಟಿಯ ಆಟಕ್ಕೆ ಅಡ್ಡಗೆರೆ ಎಳೆದು ನಿಶ್ಚಿಂತೆಯಿಂದ ಮಲಗಿದೆ.

ಶುಕ್ರವಾರ ದೊಡ್ಡ ಮೇಡಂ ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿಕೊಂಡು ಕೂತರು. ಮಕ್ಕಳು ಕೊಟ್ಟ ಮಾತಿಗೆ ತಪ್ಪಲಿಲ್ಲ. ಪೆನ್ಸಿಲುಗಳನ್ನು ಮನೆಯಲ್ಲೇ ಚೂಪು ಮಾಡಿಕೊಂಡು ಬಂದಿದ್ದರು. ಚಿಲಕದ ಹುಡುಗ ಕೂಡ ಬೋರ್ಡು ನೋಡುತ್ತಿದ್ದ. ನಾನು ವೃತ್ತ ಬರೆದೆ, ಪಾಲು ಮಾಡಿದೆ, ವಿವರಿಸಿದೆ.

"ಅರ್ಥ ಆಯ್ತಾ?"

"ಆಯ್ತು ಮಿಸ್," ಎಂದು ಪಿಸುದನಿಯಲ್ಲಿ ಒಕ್ಕೊರಲು.

"ಹಾಗಾದ್ರೆ ಯಾವುದು ದೊಡ್ಡದು?"

"ನಾಲ್ಕರಲ್ಲೊಂದು, ಮಿಸ್." ಅದೂ ಒಕ್ಕೊರಲೇ.

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಆಗ ಮೂರನೇ ಬೆಂಚು ಕಣ್ಣಿಗೆ ಬಿತ್ತು. ರೇಡಿಯೊ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಮೌನಗೌರಿ ಅವಳ ಕಿವಿಯತ್ತ ಬಾಗಿದಳು. ರೇಡಿಯೊ ಬೇಡವೆಂದು ತಲೆಯಾಡಿಸಿದಳು. ಮೌನಗೌರಿ ಮತ್ತೊಮ್ಮೆ ಬಾಗಿದಳು. ಇವಳು ಮತ್ತೆ ತಲೆಯಾಡಿಸಿದಳು. ಮೌನಗೌರಿ ನೇರವಾಗಿ ಕೂತು, ತುಟಿ ಬಿಗಿದು, ಡೆಸ್ಕನ್ನೇ ನೋಡತೊಡಗಿದಳು. ಯಾವುದು ಆಗಬಾರದೆಂದು ವಾರವಿಡೀ ಒದ್ದಾಡಿದ್ದೆನೋ ಅದು ನನ್ನ ಕಣ್ಣೆದುರೇ, ಅದೂ ನನ್ನ ಮಾತಿನಿಂದಲೇ ಆಗುತ್ತಿತ್ತು. ನನಗೆ ನನ್ನ ಮೇಲೇ ಕೋಪ ಬಂತು.

ತಲೆಯೆತ್ತಿದರೆ ಹಿಂದಿನ ಗೋಡೆಯ ಬಳಿ ದೊಡ್ಡ ಮೇಡಂ ಮೆಲ್ಲಗೆ ತಲೆಯಾಡಿಸುತ್ತಿದ್ದರು. ಈ ನಿಶ್ಶಬ್ದ ಅವರಿಗೆ ಹಿಡಿಸಿತ್ತು. ಆದರೆ ಅವರ ಎಡಹುಬ್ಬು ಮೇಲೇರಿತ್ತು.

ಏಳು ವರ್ಷ ಒಂದೇ ಹುಬ್ಬು ಓದಿದವಳಿಗೆ ಇನ್ನೊಂದು ಹುಬ್ಬು ಓದುವುದು ಕಷ್ಟವೇ? ಆ ಗಳಿಗೆಯಲ್ಲೇ ನನ್ನ ಪೆದ್ದುತನವೂ ಹೊಳೆಯಿತು. ನಮ್ಮ ಮನೆಯವರು ಈ ಪಾಠವನ್ನು ಕೇಳುತ್ತಿರುವುದು ಏಳನೇ ಸಲ! ಏಳು ವರ್ಷ ನಾಲ್ಕನೇ ಕ್ಲಾಸಿನಲ್ಲಿ ಕೂತವರಿಗೆ ಅರ್ಥವಾಗದೆ ಏನಾಗುತ್ತದೆ? ಆ ಹುಬ್ಬು ಬುದ್ಧಿವಂತವಾಗಿಬಿಟ್ಟಿದೆ, ನಾನು ಗಮನಿಸಿಯೇ ಇಲ್ಲ.

ಗಡಿಯಾರ ನೋಡಿದೆ. ಇನ್ನು ಹದಿನೈದು ನಿಮಿಷ ಹೀಗೇ ತಳ್ಳಿದರೆ ಕ್ಲಾಸು ಉಳಿಯುತ್ತದೆ, ಪಾಠ ಉಳಿಯುವುದಿಲ್ಲ. ಆದದ್ದಾಗಲಿ ಎಂದುಕೊಂಡೆ.

"ನೋಟ್‌ಬುಕ್ಕಿನ ಮಧ್ಯದ ಹಾಳೆ ಕಿತ್ಕೊಳ್ಳಿ. ಒಂದೇ ಅಳತೆಯ ಎರಡು ಪಟ್ಟಿ ಮಾಡಿ. ಒಂದನ್ನ ಮೂರು ಸಮ ಮಡಿಕೆ, ಇನ್ನೊಂದನ್ನ ನಾಲ್ಕು ಸಮ ಮಡಿಕೆ. ಆಮೇಲೆ ಯಾವ ಪಾಲು ದೊಡ್ಡದು ಅಂತ ಪಕ್ಕದವರ ಜೊತೆ ಜಗಳ ಆಡಿ."

"ಜಗಳಾನಾ ಮಿಸ್?"

"ಜಗಳಾನೇ. ಬಾಯಲ್ಲಿ ಮಾತ್ರ."

ಕಟ್ಟೆ ಒಡೆಯಿತು. ಹಾಳೆ ಹರಿಯುವ ಸದ್ದು, ಬೆಂಚು ಎಳೆಯುವ ಸದ್ದು, ನಿಂದು ಸಮ ಇಲ್ಲ, ನಿಂದೇ ಸೊಟ್ಟ ಎನ್ನುವ ಕೂಗಾಟ. ದೊಡ್ಡ ಮೇಡಂ ಎದ್ದು ನಿಂತರು. ಅವರು ಬಾಯಿ ತೆರೆಯುವ ಮೊದಲೇ ನಾನು ಎರಡು ಪಟ್ಟಿ ಹಿಡಿದು ಅವರ ಮುಂದೆ ನಿಂತಿದ್ದೆ.

"ಮೇಡಂ, ನಿಮಗೂ. ಮೂರನೇ ಬೆಂಚಲ್ಲಿ ಜಾಗ ಇದೆ."

ಯಾವ ಧೈರ್ಯದಲ್ಲಿ ಹಾಗೆಂದೆನೋ, ಯಾಕೆ ಅವರು ಮರುಮಾತಾಡದೆ ಹೋಗಿ ಕೂತರೋ, ಇವತ್ತಿಗೂ ನನಗೆ ತಿಳಿಯದು. ನಾಲ್ಕು ಮಡಿಕೆ ಸಲೀಸಾಗಿ ಬಂತು. ಮೂರು ಮಡಿಕೆಗೆ ಹೆಣಗಾಡಿದರು. ಕೊನೆಗೆ, "ಆದ್ರೆ ಮೂರಕ್ಕಿಂತ ನಾಲ್ಕು ದೊಡ್ಡದಲ್ವೇನಮ್ಮಾ?" ಎಂದು ಪಕ್ಕದಲ್ಲಿದ್ದ ಮೌನಗೌರಿಯನ್ನೇ ಕೇಳಿದರು.

ಮೌನಗೌರಿ ರೇಡಿಯೊಳತ್ತ ನೋಡಿದಳು. ದೊಡ್ಡ ಮೇಡಂ ಪಕ್ಕದಲ್ಲೇ ಇರುವಾಗ ರೇಡಿಯೊ ಕೈ ತೆಗೆಯುವುದುಂಟೇ? ಮೌನಗೌರಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ದೊಡ್ಡ ಮೇಡಂ ತೋಳು ಜಗ್ಗಿದಳು. ಅವರು ಬಾಗಿದರು. ಅವಳು ಅವರ ಕಿವಿಗೆ ಬಾಯಿಟ್ಟು, ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸುತ್ತ ಉಸುರಿದಳು.

ಏರಿದ್ದ ಹುಬ್ಬು ನಿಧಾನವಾಗಿ ಇಳಿಯಿತು. ದೊಡ್ಡ ಮೇಡಂ ಧಡಕ್ಕನೆ ಎದ್ದು ನಿಂತರು. ಇಪ್ಪತ್ತು ವರ್ಷ ಮೈದಾನದಲ್ಲಿ ಬೆಳಗಿನ ಪ್ರಾರ್ಥನೆಗೆ ಮೈಕಿಲ್ಲದೆ ಕೂಗಿ ಪಳಗಿದ ಗಂಟಲು ಅದು.

"ಟೀಚರ್! ಇವಳು ಹೇಳ್ತಿದಾಳೆ, ಹಂಚಿಕೊಳ್ಳೋರು ಜಾಸ್ತಿ ಆದಷ್ಟೂ ಒಬ್ಬೊಬ್ಬರ ಪಾಲು ಚಿಕ್ಕದಾಗುತ್ತಂತೆ! ಮೂರರಲ್ಲೊಂದೇ ದೊಡ್ಡದಂತೆ!"

"ಮಿಸ್, ಅದನ್ನ ನಾನು ಹೇಳ್ಬೇಕಿತ್ತು!" ಎಂದು ರೇಡಿಯೊ ಅಳುವ ಹಾಗೆ ಕೂಗಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಗುಮಾಸ್ತರು. ಮೆಟ್ಟಿಲು ಹತ್ತಿದ ಏದುಸಿರು, ಕಂಕುಳಲ್ಲಿ ಗಲಾಟೆ ಪುಸ್ತಕ. ಮಕ್ಕಳ ನಡುವೆ ಮತ್ತೆ ಪಟ್ಟಿಗಳ ಮೇಲೆ ಬಾಗಿದ್ದ ದೊಡ್ಡ ಮೇಡಂ ಅವರ ಕಣ್ಣಿಗೆ ಬೀಳಲಿಲ್ಲ.

"ಏನ್ ಟೀಚರ್ ಇದು, ಕೆಳಗೆ ಫೋನಲ್ಲಿ ಮಾತಾಡಕ್ಕಾಗ್ತಿಲ್ಲ! ಯಾರ ದನಿ ಅದು?"

ಅಭ್ಯಾಸಬಲದಿಂದ ರೇಡಿಯೊ ಎದ್ದು, "ನಂದು ಸಾರ್," ಎಂದಳು.

ದೊಡ್ಡ ಮೇಡಂ ಅವಳ ಭುಜ ಒತ್ತಿ ಕೂರಿಸಿದರು. "ಇವಳದ್ದಲ್ಲ, ನಂದು. ಬರ್ಕೊಳ್ಳಿ."

ಗುಮಾಸ್ತರ ಪೆನ್ನು ಕೈಯಲ್ಲೇ ಉಳಿಯಿತು. "ಯಾವ... ಯಾವ ಕ್ಲಾಸು ಅಂತ ಬರೀಲಿ ಮೇಡಂ?"

ದೊಡ್ಡ ಮೇಡಂ ಎರಡು ಪಟ್ಟಿಗಳನ್ನೂ, ಪಕ್ಕದಲ್ಲಿದ್ದ ಇಬ್ಬರನ್ನೂ ನೋಡಿದರು.

"ನಾಲ್ಕನೇ ಕ್ಲಾಸ್, 'ಬಿ' ವಿಭಾಗ. ಮೂವತ್ತನಾಲ್ಕು ಜನಾನೂ ಇಲ್ಲೇ ಇರ್ತಾರೆ. ಇವತ್ತಿನ ಮಟ್ಟಿಗೆ ಮೂವತ್ತೈದು ಅಂತ ಬರೀರಿ."

ಸಂಜೆ ನಮ್ಮ ಮನೆಯವರು ಎಂದಿನಂತೆ ಮೇಜಿನ ಮುಂದೆ ಬಂದು ಕೂತಾಗ, ನೀವು ನಾಲ್ಕನೇ ಕ್ಲಾಸು ಪಾಸಾಗಿ ಎಷ್ಟೋ ಕಾಲವಾಗಿದೆ ಎಂದು ತಿಳಿಸಿ, ಪೆನ್ಸಿಲ್ ವಾಪಸು ಇಸಿದುಕೊಂಡೆ. ಅವರು ಬರಿಗೈ ನೋಡಿಕೊಂಡರು.

"ಹಾಗಾದ್ರೆ ನಾಳೆಯಿಂದ ನಾನು ಎಲ್ಲಿ ಕೂತ್ಕೋಬೇಕು?" ಎಂದರು. ಎಡಹುಬ್ಬು ಮೇಲೇರಿತ್ತು. ನಾನು ಪೆನ್ಸಿಲನ್ನು ಚೂಪು ಮಾಡಿ ಮತ್ತೆ ಅವರ ಕೈಗೇ ಕೊಟ್ಟೆ.