ಬ್ಯಾಗಿನೊಳಗಿನ ಬಾಟಲಿ

ಪರೀಕ್ಷೆ ಎಂದರೆ ಪಾಸಾಗಲೇಬೇಕು, ನಮ್ಮತ್ತೆಗೆ ಗೊತ್ತಿರುವುದು ಅಷ್ಟೇ. ಮೊದಲ ಸಲ ಬಂದಾಗ ಮಾತಿನ ಡಾಕ್ಟರ ಮೇಜಿನ ಮೇಲೆ ಕಂಡ ಚಿತ್ರಗಳನ್ನೆಲ್ಲ ಅವರು ನೆನಪಿಟ್ಟುಕೊಂಡಿದ್ದರು. ಮನೆಗೆ ಹೋದವರೇ ಅಂಥವೇ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿ, ಆರು ವರ್ಷದ ಮೊಮ್ಮಗಳಿಗೆ ಪಟ್ಟು ಹಿಡಿದು ಗಿಣಿಪಾಠ ಮಾಡಿಸಿದರು. ನಾನು ಹೊಲಿಗೆ ಕಾರ್ಖಾನೆಯಿಂದ ಬರುವಷ್ಟರಲ್ಲಿ ಅಂದಿನ ಪಾಠ ಮುಗಿದಿರುತ್ತಿತ್ತು. ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ. ಅವಳು ಮೊದಲ ಸಲ ‘ಸೂರ್ಯ’ ಎಂದಾಗ ನಾನೇ ಕುಣಿದಾಡಿದ್ದೆ.

ಇವತ್ತು ಡಾಕ್ಟರಮ್ಮ ಚಿತ್ರ ಎತ್ತಿ ಹಿಡಿದದ್ದೇ ತಡ, ಮಗಳು ಸೂರ್ಯ, ಬೆಕ್ಕು, ರೈಲು ಎಂದು ಪಟಪಟ ಹೇಳಿಬಿಟ್ಟಳು. ಅತ್ತೆಯ ಮುಖ ಊರಗಲ. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. ಇಷ್ಟು ಚೆನ್ನಾಗಿ ಮಾತಾಡುತ್ತಾಳಲ್ಲ, ತರಬೇತಿಗೆ ಇರುವುದು ಒಂದೇ ಜಾಗ, ಮಾತೇ ಬಾರದ ಮಗುವಿಗೆ ಕೊಡುತ್ತೇನೆ ಎಂದರು. ವರ್ಷಗಟ್ಟಲೆ ಕಾದು ಸಿಕ್ಕ ಸರದಿ ನಮ್ಮದು. ಈಗ ತಪ್ಪಿದರೆ ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು.

ಹೇಳಿಕೊಟ್ಟದ್ದನ್ನಷ್ಟೇ ಹೇಳುತ್ತಾಳೆ, ಬೇಕಾದದ್ದು ಕೇಳಲು ಬರುವುದಿಲ್ಲ ಎಂದು ಅಂಗಲಾಚಿದೆ. ಇಂಥ ತಾಯಂದಿರನ್ನು ಬಹಳ ನೋಡಿದವರಂತೆ ಆಕೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಮಗಳು ಗಂಟಲು ಮುಟ್ಟಿಕೊಂಡಳು. ನೀರು ಬೇಕು ಎಂದರ್ಥ. ಅದು ನಮ್ಮ ಮನೆಯವರಿಗಷ್ಟೇ ತಿಳಿಯುವ ಭಾಷೆ. ನನ್ನ ಕೈ ತಾನಾಗಿಯೇ ಬ್ಯಾಗಿನೊಳಗೆ ಹೋಗಿ ಬಾಟಲಿ ಹಿಡಿದು ಅಲ್ಲೇ ನಿಂತಿತು. ಕೊಟ್ಟರೆ ಜಾಗ ಹೋಯಿತು. ಕೊಡದಿದ್ದರೆ ನಾನೆಂಥ ತಾಯಿ?

“ಅವಳಿಗೇನೋ ಬೇಕಂತೆ ಡಾಕ್ಟ್ರೇ, ಏನು ಅಂತ ಅವಳನ್ನೇ ಕೇಳಿ” ಎಂದೆ.

ಆಕೆ ಕೇಳಿದರು. ಮಗಳು ಮತ್ತೆ ಗಂಟಲು ಮುಟ್ಟಿ ನನ್ನತ್ತ ನೋಡಿದಳು. ನಾನು ಗೋಡೆ ನೋಡಿದೆ. ಅತ್ತೆ ಬಾಯಿ ತೆರೆದರು. ಅವರ ಕೈಯನ್ನು ಗಟ್ಟಿಯಾಗಿ ಅದುಮಿದೆ.

“ಸೂರ್ಯ” ಎಂದಳು ಮಗಳು. ಮನೆಯಲ್ಲಿ ಆ ಮಾತಿಗೆ ಎಲ್ಲರೂ ಚಪ್ಪಾಳೆ ತಟ್ಟಿ ಮುದ್ದಾಡುತ್ತಿದ್ದೆವು. ಇಲ್ಲಿ ಯಾರೂ ಅಲುಗಲಿಲ್ಲ. “ಬೆಕ್ಕು” ಎಂದಳು. ಕಾದಳು. “ರೈಲು” ಎನ್ನುವಾಗ ತುಟಿ ನಡುಗುತ್ತಿತ್ತು. ತನ್ನ ಬಳಿ ಇದ್ದ ಮಾತನ್ನೆಲ್ಲ ಒಂದೊಂದಾಗಿ ಕೊಟ್ಟು ನೀರು ಕೇಳುತ್ತಿದ್ದಳು. ಆದರೂ ನನ್ನ ಕೈ ಬ್ಯಾಗಿನಿಂದ ಹೊರಗೆ ಬರಲಿಲ್ಲ.

ಡಾಕ್ಟರಮ್ಮನ ನಗು ಮಾಯವಾಗಿತ್ತು. ಪೆನ್ನಿನ ಮುಚ್ಚಳ ತೆಗೆದು, ಸೋಮವಾರದಿಂದ ಕರೆದುಕೊಂಡು ಬನ್ನಿ ಎಂದರು. ನಾನು ಬಾಟಲಿ ಕೊಟ್ಟೆ. ಮಗಳು ಗಟಗಟ ಕುಡಿದಳು.

“ಈಗ ಮಾಡಿದ್ರಲ್ಲ, ಮನೇಲೂ ಹಾಗೇ ಮಾಡ್ಬೇಕು” ಎಂದರು ಆಕೆ ಮೆತ್ತಗೆ. “ಕೈಗೆ ಕೊಡೋ ಮುಂಚೆ ಸ್ವಲ್ಪ ಕಾಯಿರಿ. ದಿನಾ.”

ಹೂಂ ಎಂದೆ. ಬಾಟಲಿ ತೆಗೆದುಕೊಳ್ಳಲು ಕೈ ಚಾಚಿದರೆ ಮಗಳು ಕೊಡಲಿಲ್ಲ. ಖಾಲಿ ಬಾಟಲಿಯನ್ನು ಎದೆಗೆ ಅವುಚಿಕೊಂಡು, ಬಸ್‌ಸ್ಟಾಪಿನವರೆಗೂ ಅಜ್ಜಿಯ ಪಕ್ಕದಲ್ಲೇ ನಡೆದಳು.